ಮಾದಕ ವಸ್ತುಗಳು: ಸಾರ್ವಜನಿಕರು ತಿಳಿದಿರಬೇಕಾದ ಸಂಗತಿಗಳು

ಮಾದಕ ವಸ್ತು ಎಂದೊಡನೆ ಗಾಂಜಾ, ಅಫೀಮು, ಬ್ರೌನ್ ಶುಗರ್‌ಗಳು ನೆನಪಿಗೆ ಬರುತ್ತವೆ. ಆದರೆ ದುರ್ಬಳಕೆಯಾಗುವ ಪದಾರ್ಥಗಳಲ್ಲಿ ಹಲವು ಔಷಧಿ ಅಂಗಡಿಯಲ್ಲಿ, ಬಣ್ಣದ ಅಂಗಡಿಯಲ್ಲಿ ದೊರೆಯುವಂಥವೇ ಆಗಿವೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷ ವಯೋಮಾನದ ಸುಮಾರು 2.26 ಕೋಟಿ ಜನರು ಅಫೀಮು ವರ್ಗದ ಪದಾರ್ಥಗಳನ್ನು ಬಳಸುತ್ತಿದ್ದರು. ಮೂಸುವ ದ್ರಾವಕಗಳ ಬಳಕೆ ಮಾತ್ರ ವಯಸ್ಕರಿಗಿಂತ ಮಕ್ಕಳಲ್ಲಿಯೇ ಹೆಚ್ಚಿನ ಪ್ರಮಾಣದಲ್ಲಿ ಕಂಡುಬಂದಿತು.

ದ್ರಾವಕಗಳು
ವೈಟ್‌ನರ್, ಥಿನ್ನರ್, ಪಂಕ್ಚರ್ ಅಂಟು ಮುಂತಾದವು ಈ ಗುಂಪಿಗೆ ಸೇರುತ್ತವೆ. ಇವುಗಳನ್ನು ಮೂಸಿದಾಗ ಹೃದಯದ ಬಡಿತವು ಲಯ ತಪ್ಪಿ, ಮೊದಲ ಬಾರಿಗೆ ಬಳಸಿದವರೂ ಹಠಾತ್ತನೆ ಮೃತಪಡುವ ಸಂಭವವಿದೆ. ಮಕ್ಕಳ ಬಟ್ಟೆಯಲ್ಲಿ ರಾಸಾಯನಿಕದ ವಾಸನೆ, ಬಾಯಿಯ ಸುತ್ತ ಗುಳ್ಳೆಗಳು ಕಂಡುಬಂದಲ್ಲಿ ಪೋಷಕರು ನಿರ್ಲಕ್ಷಿಸಬಾರದು.

ಗಾಂಜಾ, ಎಂ.ಡಿ.ಎಂ.ಎ.
ಗಾಂಜಾ ಗಿಡಮೂಲಿಕೆಯಾದುದರಿಂದ ನಿರಪಾಯಕರವೆಂಬ ನಂಬಿಕೆ ತಪ್ಪು. ಹದಿಹರೆಯದಲ್ಲಿ ಆರಂಭಿಸಿ ಸತತವಾಗಿ ಸೇದುವವರಲ್ಲಿ ಭ್ರಮೆ, ಅತಿಯಾದ ಸಂಶಯಗಳಿಂದ ಕೂಡಿದ ತೀವ್ರ ಮಾನಸಿಕ ಕಾಯಿಲೆಯ ಅಪಾಯ ಹೆಚ್ಚು. ಎಂ.ಡಿ.ಎಂ.ಎ. ಮಾತ್ರೆಯು ದೇಹದ ಉಷ್ಣತೆಯನ್ನು ಮಾರಣಾಂತಿಕ ಮಟ್ಟಕ್ಕೆ ಏರಿಸಬಲ್ಲದು.

ಅಫೀಮು ವರ್ಗ
ಹೆರಾಯಿನ್, ಕೊಡೀನ್ ಇರುವ ಕೆಮ್ಮಿನ ಔಷಧಿ ಹಾಗೂ ಟ್ರಮಡಾಲ್‌ನಂತಹ ನೋವಿನ ಮಾತ್ರೆಗಳು ಮಿತಿಮೀರಿದಾಗ ಉಸಿರಾಟವನ್ನು ಕುಗ್ಗಿಸುತ್ತವೆ. ಚಿಕಿತ್ಸೆ ಪಡೆದೋ, ಕಾರಾಗೃಹದಲ್ಲಿದ್ದೋ ಕೆಲಕಾಲ ಬಿಟ್ಟವರಿಗೆ ಅಪಾಯ ಇನ್ನೂ ಹೆಚ್ಚು. ಅವರ ದೇಹ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಮೊದಲಿನಷ್ಟೇ ತೆಗೆದುಕೊಂಡರೂ ಸಾವು ಸಂಭವಿಸಬಹುದು. ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಕರೆದರೂ ಎಚ್ಚರಗೊಳ್ಳದಿದ್ದಲ್ಲಿ ಕೂಡಲೇ 108ಕ್ಕೆ ಕರೆ ಮಾಡಿ, ವ್ಯಕ್ತಿಯನ್ನು ಮಗ್ಗುಲಾಗಿ ಮಲಗಿಸಬೇಕು. ಸೇವಿಸಿದ ಪದಾರ್ಥ ಯಾವುದೆಂಬುದನ್ನು ವೈದ್ಯರಿಗೆ ಮರೆಮಾಚದೆ ತಿಳಿಸಬೇಕು. ನಲಾಕ್ಸೋನ್ ಚುಚ್ಚುಮದ್ದು ಸಕಾಲದಲ್ಲಿ ದೊರೆತರೆ ಜೀವ ಉಳಿಯುತ್ತದೆ.

ಮದ್ಯ ಮತ್ತು ನಿದ್ರೆಮಾತ್ರೆ
ದೀರ್ಘಕಾಲದಿಂದ ಹೆಚ್ಚು ಪ್ರಮಾಣದಲ್ಲಿ ಬಳಸುತ್ತಿರುವವರು ಇವುಗಳನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಾಪಾಯವೂ ಉಂಟು. ಆದ್ದರಿಂದ ಮನೆಯವರು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಯತ್ನಿಸುವುದು ಸರಿಯಲ್ಲ. ಇದು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಆಗಬೇಕಾದ ಕೆಲಸ.

ಕಾನೂನು ಮತ್ತು ಚಿಕಿತ್ಸೆ
ಪೊಲೀಸ್ ಪ್ರಕರಣದ ಭಯದಿಂದ ಅನೇಕ ಕುಟುಂಬಗಳು ಆಸ್ಪತ್ರೆಗೆ ಹೋಗುವುದಿಲ್ಲ. ಮಾದಕ ಔಷಧಗಳು ಮತ್ತು ಮನೋಪ್ರಭಾವಿ ಪದಾರ್ಥಗಳ ಅಧಿನಿಯಮ, 1985ರ 27ನೇ ಪ್ರಕರಣದಂತೆ ಸೇವನೆಯೂ ಅಪರಾಧವೇ ಆಗಿದೆ. ಹೆರಾಯಿನ್, ಕೊಕೇನ್ ಮುಂತಾದವುಗಳಿಗೆ ಒಂದು ವರ್ಷದವರೆಗೆ ಕಾರಾವಾಸ ಅಥವಾ 20,000 ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಅದೇ ಅಧಿನಿಯಮದ 64ಎ ಪ್ರಕರಣದ ಮೇರೆಗೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ವಸ್ತುವಿಗೆ ಸಂಬಂಧಿಸಿದ ಆರೋಪ ಹೊತ್ತ ವ್ಯಸನಿಯು ಸರ್ಕಾರಿ ಆಸ್ಪತ್ರೆ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದಲ್ಲಿ ಅಭಿಯೋಜನೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಈ ವಿನಾಯಿತಿಯನ್ನು ಹಿಂಪಡೆಯಬಹುದು. ಮಾರಾಟಗಾರರಿಗೆ ಇದು ಅನ್ವಯಿಸುವುದಿಲ್ಲ.

ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮ, 2017 ರೋಗಿಯ ಮಾಹಿತಿಯ ಗೋಪ್ಯತೆಯನ್ನು ಹಕ್ಕಾಗಿ ನೀಡಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಸಲಹೆಗಾಗಿ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು. ವ್ಯಸನಿಯು ಒಪ್ಪದಿದ್ದರೂ ಕುಟುಂಬದವರೇ ಮೊದಲು ಮಾತನಾಡಬಹುದಾಗಿದೆ.