ಏಡನ್ನಿನಿಂದ ಬಂದ ಒಡಕು ಹೂಜಿ

ಕ್ರಿಸ್ತಶಕ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಏಡನ್ ಬಂದರಿನಿಂದ ನಮ್ಮ ಕಡಲತೀರಕ್ಕೆ ಒಂದು ಒಡಕು ಹೂಜಿ ಬಂದಿತು. ಅದರ ಜೊತೆಗೆ ಕೈತೊಳೆಯುವ ಒಂದು ಆಳವಾದ ಬೋಗುಣಿ, ಹಳದಿ ತಾಮ್ರದ ಕೆಲವು ಗಟ್ಟಿಗಳು, ಒಂದಿಷ್ಟು ತವರ. ಹೂಜಿ ಬೋಗುಣಿಗಳೆರಡೂ ಕೂಡಿ 7 ರಾತಲಿಗೆ ಕಾಲು ರಾತಲು ಕಡಮೆ ಎಂದು ಕಳುಹಿಸಿದವನು ಪತ್ರದಲ್ಲಿ ಕಾಣಿಸಿದ್ದ. ಅದೇ ಲೋಹದಿಂದ, ಅದೇ ಅಳತೆಗೆ, 5 ರಾತಲಿನ ಹೊಸ ಹೂಜಿಯೊಂದನ್ನು ಮಾಡಿಸಿ ಕಳುಹಿಸಬೇಕು. ಮಿಕ್ಕುದರಲ್ಲಿ ತಟ್ಟೆಗಳೂ ಒಂದು ದೀಪವೂ ಆಗಬೇಕು. ದೀಪಕ್ಕೆ ಎರಡು ಬತ್ತಿ. ಕಂಬಕ್ಕೆ ಎಂಟು ಮೂಲೆ. ಕಂಬ, ಪೀಠ, ಹಣತೆ ಈ ಮೂರೂ ಬಿಡಿಬಿಡಿಯಾಗಿ ಕಳಚಿ ಬರುವಂತಿರಬೇಕು.

ದೂರದೂರಿನಿಂದ ಬಿಡಿಭಾಗ ತರಿಸುವ ಗಿರಾಕಿಯ ಮನಸ್ಸು ಇದರಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ! ಮಾಡುವವನ ಮುಖವನ್ನು ಆತ ನೋಡಿಲ್ಲ; ನಡುವೆ ಸಮುದ್ರವಿದೆ. ಆದ್ದರಿಂದ ಮಾತಿನ ವರ್ಣನೆಯನ್ನು ನಂಬದೆ ಮಾದರಿಯನ್ನೇ ಕಳುಹಿಸಿದ. ಹೋದದ್ದೆಷ್ಟು, ಬರಬೇಕಾದದ್ದೆಷ್ಟು ಎಂಬುದನ್ನು ತೂಕದಲ್ಲಿ ಕಟ್ಟಿಹಾಕಿದ. ನಮ್ಮ ಕುದ್ರೋಳಿಯ ಆಚೀಚೆ, ಬಂದರಿನ ಬೀದಿಗಳಲ್ಲಿ, ಯಂತ್ರದ ಬಿಡಿಭಾಗ ಕೇಳಲು ಹೋದವರಿಗೆ ಅಂಗಡಿಯಾತ ಮೊದಲು ಹೇಳುವ ಮಾತು ಇಂದಿಗೂ ಒಂದೇ: ‘ಹಳೆಯದು ತಂದಿದ್ದೀರಾ?’

ಈ ಪತ್ರ ಬಂದದ್ದು ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನಿಗೆ. ಉತ್ತರ ಆಫ್ರಿಕದ ಮಹದಿಯಾ ಎಂಬ ಊರಿನವನು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಅವನದು ಇದೆ. 1149ರಲ್ಲಿ ಏಡನ್ನಿಗೆ ಮರಳುವವರೆಗೆ, ಹೆಚ್ಚು ಕಡಮೆ 17 ವರ್ಷ, ಈ ತೀರದಲ್ಲೇ ಇದ್ದು ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳ ವ್ಯಾಪಾರ ನಡೆಸಿದ. ಹಿತ್ತಾಳೆ ಎರಕದ ಒಂದು ಕಮ್ಮಟವನ್ನೂ ಇಟ್ಟಿದ್ದ. ಅವನ ಪರವಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ಬ್ರಹ್ಮ ಶಬ್ದದ ಈ ತದ್ಭವವನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಅರಬ್ಬಿ ಪತ್ರವೊಂದರಲ್ಲಿ ಅದು ಎದುರಾದಾಗ ನಮ್ಮ ಬೀದಿಯವನೊಬ್ಬನನ್ನು ಪರದೇಶದಲ್ಲಿ ಕಂಡಂತಾಗುತ್ತದೆ.

ಈ ಕಾಗದಗಳೆಲ್ಲ ಉಳಿದದ್ದು ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ. ದೇವರ ಹೆಸರಿರಬಹುದಾದ ಕಾಗದವನ್ನು ಹರಿದೆಸೆಯಬಾರದೆಂಬ ಪದ್ಧತಿಯಿಂದ ಅಲ್ಲಿ ಲೆಕ್ಕದ ಚೀಟಿಗಳೂ ರಾಶಿಬಿದ್ದಿದ್ದವು. ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು 1896-97ರಲ್ಲಿ ಅವುಗಳ ದೊಡ್ಡ ಭಾಗವನ್ನು ಕೇಂಬ್ರಿಜ್‌ಗೆ ಒಯ್ದರು. ಎಸ್. ಡಿ. ಗೋಯಿಟೈನ್ ಅವರು ಭಾರತದ ವ್ಯಾಪಾರದ ಪತ್ರಗಳನ್ನು ಹೆಕ್ಕಿ ಓದಿದರು. ಅಮಿತಾವ್ ಘೋಷ್ ಅವರು 1992ರ ತಮ್ಮ ಪುಸ್ತಕದಲ್ಲಿ ಬೊಮ್ಮನನ್ನೇ ಹುಡುಕುತ್ತ ಮಂಗಳೂರಿನವರೆಗೆ ಬಂದರು. ಅರಸರ ಶಾಸನಗಳಲ್ಲಿ ದಾನ ದತ್ತಿಗಳ ಸಂಗತಿಯುಂಟು, ಗಡಿಕಲ್ಲುಗಳ ವಿವರವುಂಟು. ಮೂಟೆ ಹೊತ್ತವನ ಕೂಲಿ ಎಷ್ಟು ಎಂಬುದನ್ನು ತಿಳಿಯಬೇಕಾದರೆ ಈ ಕಸದ ರಾಶಿಯ ಬಳಿಗೇ ಹೋಗಬೇಕು.

ಸಾಗಣೆಯ ಖರ್ಚು ಆ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ವಿಷಯ. ಏಡನ್ನಿನ ವರ್ತಕರ ಪ್ರತಿನಿಧಿಯಾಗಿದ್ದ ಮದ್ಮೂನ್ ಎಂಬಾತ ಬೆನ್ ಯಿಜುವಿನ ಸರಕನ್ನು ಮಾರಿ ಕಳುಹಿಸುತ್ತಿದ್ದ ಲೆಕ್ಕದಲ್ಲಿ ಸುಂಕಕಟ್ಟೆಯ ತೆರಿಗೆ ಮೊದಲಾದ ಖರ್ಚುಗಳು ಕಳೆಯಲ್ಪಟ್ಟು ಕೊನೆಗೆ ಉಳಿದದ್ದು ಜಮೆಯಾಗುತ್ತಿತ್ತು. ಮುಂಗಾರಿನ ಗಾಳಿಯನ್ನು ನೋಡಿಕೊಂಡು ಹಡಗು ಹೊರಡಬೇಕಾದ ಕಾಲ ಅದು. ಒಂದು ಪ್ರಶ್ನೆಗೆ ಉತ್ತರ ಬರಲು ಒಂದು ವರ್ಷ ಹಿಡಿದರೆ ಯಾರೂ ಬೇಸರಪಡುತ್ತಿರಲಿಲ್ಲ. ಎಲ್ಲವನ್ನೂ ಒಂದೇ ಹಡಗಿನಲ್ಲಿ ತುಂಬುವುದು ಅವಿವೇಕವೆಂದು ತಿಳಿದು ಮೂಟೆಗಳನ್ನು ಹಲವು ಹಡಗುಗಳಿಗೆ ಹಂಚುತ್ತಿದ್ದರು. ಅಷ್ಟಾದರೂ ಕೆಡುಕು ತಪ್ಪಲಿಲ್ಲ. ಒಮ್ಮೆ ಏಡನ್ನಿನ ಸಮೀಪದಲ್ಲೇ ಹಡಗೊಂದು ಒಡೆಯಿತು. ಮೆಣಸು ಪೂರ್ತಿ ನೀರುಪಾಲು. ಕಬ್ಬಿಣಕ್ಕಾಗಿ ಮುಳುಗುಗಾರರನ್ನು ಇಳಿಸಿದಾಗ ಸುಮಾರು ಅರ್ಧದಷ್ಟು ಮೇಲೆ ಬಂತು. ಮುಳುಗಿದವರ ಕೂಲಿಯನ್ನೂ ದಡದಿಂದ ಸಾಗಿಸಿದ ವೆಚ್ಚವನ್ನೂ ಕಬ್ಬಿಣ ಮಾರಿದ ಹಣದಲ್ಲಿ ಮುರಿದುಕೊಂಡು, ಉಳಿದುದನ್ನು ಪಾಲುದಾರರಿಗೆ ಅವರವರ ಭಾಗದಂತೆ ಹಂಚುವುದೆಂದು ಏಡನ್ನಿನ ಗೆಳೆಯ ಬೆನ್ ಯಿಜುವಿಗೆ ಬರೆದ. ಯಾರನ್ನೂ ದೂರದೆ ಬರೆದ ಈ ಲೆಕ್ಕವನ್ನು ಓದಿದರೆ ಆ ಜನರ ಮೇಲೆ ಗೌರವ ಹುಟ್ಟುತ್ತದೆ.

ನಂಬಿಕೆಯ ಪ್ರಶ್ನೆ ಇದಕ್ಕಿಂತ ತೊಡಕಿನದು. ಈ ವರ್ತಕರು ಒಬ್ಬರಿಗೊಬ್ಬರು ಮಾಡುತ್ತಿದ್ದ ಕೆಲಸಕ್ಕೆ ಸಾಮಾನ್ಯವಾಗಿ ದಲ್ಲಾಳಿ ಹಣವಿಲ್ಲ. ನೀನು ನನ್ನ ಮೆಣಸನ್ನು ಅಲ್ಲಿ ಮಾರು, ನಾನು ನಿನ್ನ ಪಾತ್ರೆಯನ್ನು ಇಲ್ಲಿ ಮಾಡಿಸುತ್ತೇನೆ, ಎಂಬ ಸ್ನೇಹವೇ ಒಪ್ಪಂದ. ಆದರೆ ಆ ಬಳಗದ ಹೊರಗಿನವನೊಡನೆ ವ್ಯವಹಾರ ಬಿದ್ದಾಗ? ಬೆನ್ ಯಿಜು ಏಲಕ್ಕಿಗಾಗಿ ‘ಕಾರ್ದಾರ್’ ಎಂದು ಪತ್ರಗಳು ಕರೆಯುವ ಒಬ್ಬ ಸ್ಥಳೀಯನಿಗೆ ಮುಂಗಡ ಕೊಟ್ಟ. ಏಲಕ್ಕಿ ಬರಲಿಲ್ಲ, ಹಣವೂ ಬರಲಿಲ್ಲ. ಪಾಲುದಾರರು ವರ್ಷ ವರ್ಷವೂ ಕೇಳಿದರು, ಶಪಿಸಿದರು. ಕಡೆಗೆ ಒಂದು ಉಪಾಯ ಸೂಚಿಸಿದರು: ಬಾಕಿ ಉಳಿಸಿಕೊಂಡು ಮಾತು ತಪ್ಪುವವರನ್ನು ಏಡನ್ನಿನಲ್ಲಿ ನಾವು ಬಹಿಷ್ಕರಿಸುತ್ತೇವೆಂದು ಅವನನ್ನು ಹೆದರಿಸು, ಅದಕ್ಕೂ ಬಗ್ಗದಿದ್ದರೆ ನಾವೇ ಖಂಡನೆಯ ಪತ್ರವೊಂದನ್ನು ಬರೆದು ಕಳುಹಿಸುತ್ತೇವೆ. ಕಡಲಾಚೆಯ ಬಹಿಷ್ಕಾರಕ್ಕೆ ಘಟ್ಟದ ತಪ್ಪಲಿನವನು ಎಷ್ಟು ಹೆದರಿಯಾನು? ಹೆದರಬೇಕಾದರೆ ಅವನಿಗೂ ಏಡನ್ನಿನಲ್ಲಿ ನಾಳೆ ಬೇಕಾಗುವ ಒಂದು ಹೆಸರಿರಬೇಕು.

ಕುದುರೆಯ ವ್ಯಾಪಾರದ ಮಾತನ್ನು ಇಲ್ಲಿ ಎತ್ತದೆ ಮುಂದೆ ಹೋಗುವಂತಿಲ್ಲ. ಕುದ್ರೋಳಿ ಎಂಬ ಹೆಸರನ್ನು ಕಿವಿಗೊಟ್ಟು ಕೇಳಿದರೆ ಕುದುರೆಯೂ ಕೇಳುತ್ತದೆ, ಸಾಲು ಎಂಬ ಅರ್ಥದ ‘ಓಳಿ’ಯೂ ಕೇಳುತ್ತದೆ, ತುಳುವಿನಲ್ಲಿ ನದಿಯ ನಡುಗಡ್ಡೆಗೆ ಹೇಳುವ ‘ಕುದ್ರು’ವೂ ಕೇಳುತ್ತದೆ. ಗುರುಪುರ ಹೊಳೆಯ ಮಗ್ಗುಲಲ್ಲಿರುವ ಊರಿಗೆ ಎರಡನೆಯದೇ ಸಹಜವೆಂದು ನನಗೆ ತೋರುತ್ತದೆ. ಆದರೆ ಕುದುರೆಯನ್ನು ಬಿಟ್ಟುಕೊಡಲು ಮನಸ್ಸೊಪ್ಪದು. ಅರಬ್ಬಿ ಕುದುರೆಗಳು ಈ ಕಡಲಿನ ಅತ್ಯಂತ ದುಬಾರಿ ಸರಕು, ಅತ್ಯಂತ ಅಪಾಯದ ಸರಕೂ ಹೌದು. ದಾರಿಯಲ್ಲಿ ಸತ್ತರೆ ನಷ್ಟ ಯಾರದು? ವಿಜಯನಗರದ ಸಾಳುವ ನರಸಿಂಹನು ಇದಕ್ಕೆ ಕೊಟ್ಟ ಉತ್ತರವನ್ನು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಸಾವಿರ ಪರ್ದಾವಿಗೆ ಮೂರು ಕುದುರೆ. ಜೀವಂತವೋ ಸತ್ತದ್ದೋ ಎಂಬ ಭೇದವಿಲ್ಲ. ಕಡಲಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಪೂರ್ಣ ಬೆಲೆ. ಕೊಳ್ಳುವವನೇ ಸಾಗಣೆಯ ಅಪಾಯವನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡದ್ದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಸಿಕ್ಕಲಾರದು. ಅವನಿಗೆ ರಾಜ್ಯ ಉಳಿಯಬೇಕಾಗಿತ್ತು, ಅಶ್ವದಳ ಬೇಕಾಗಿತ್ತು, ಚೌಕಾಸಿಗೆ ವ್ಯವಧಾನವಿರಲಿಲ್ಲ. ಇನ್ನೊಂದು ಸಂಗತಿಯನ್ನು ಅವನಿಗಿಂತ ಸುಮಾರು ಇನ್ನೂರು ವರ್ಷ ಹಿಂದೆ ಮಾರ್ಕೊ ಪೋಲೊ ಪಾಂಡ್ಯನಾಡಿನ ಬಗ್ಗೆ ಹೇಳುತ್ತಾನೆ: ಕುದುರೆ ಮಾರುವವರು ಲಾಳ ಕಟ್ಟುವವರನ್ನು ತಾವೂ ಕರೆತರುತ್ತಿರಲಿಲ್ಲ, ಅವರು ಬರುವುದಕ್ಕೂ ಬಿಡುತ್ತಿರಲಿಲ್ಲವಂತೆ, ಆರೈಕೆಯಿಲ್ಲದೆ ಕುದುರೆಗಳು ಸತ್ತಷ್ಟೂ ಹೊಸವು ಮಾರಾಟವಾಗುತ್ತವೆಯಲ್ಲ! ಬಿಡಿಭಾಗ ಸಿಕ್ಕದಂತೆ ಮಾಡಿ ಹೊಸ ಯಂತ್ರವನ್ನೇ ಕೊಳ್ಳಿಸುವ ಚಾತುರ್ಯ ನಮ್ಮ ಕಾಲದ್ದೆಂದು ತಿಳಿದವರು ಇದನ್ನು ನೆನೆಯಬಹುದು.

ಕುದ್ರೋಳಿಗೆ ಯಂತ್ರ ಬಂದದ್ದು ಹಂಚಿನೊಡನೆ. ಬಾಸೆಲ್ ಮಿಶನ್ನಿನ ಮುದ್ರಣಾಲಯಕ್ಕೆ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮಿಶನ್ನಿನ ಕಾರ್ಖಾನೆಗಳು ಜೆಪ್ಪುವಿನಲ್ಲೂ ಕುದ್ರೋಳಿಯಲ್ಲೂ ನಡೆದವು. ಒತ್ತುಯಂತ್ರದ ತಿರುಪೊಂದು ಮುರಿದರೆ ಯೂರೋಪಿನಿಂದ ಬರಬೇಕು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ರೈಲು ಮಂಗಳೂರಿಗೆ ಮುಟ್ಟಿದ್ದು 1907ರಲ್ಲಿ. ದೊಡ್ಡ ಹಡಗು ದಡಕ್ಕೆ ತಾಗುವ ಹೊಸ ಬಂದರು ಪಣಂಬೂರಿನಲ್ಲಿ ಸಿದ್ಧವಾದದ್ದು 1974ರಲ್ಲಿ. ಅಲ್ಲಿಯವರೆಗೆ ಉಗಿಹಡಗು ಅಳಿವೆಯ ಹೊರಗೇ ಲಂಗರು ಹಾಕಬೇಕು, ಸರಕು ದೋಣಿಗಿಳಿದು ಹಳೆಯ ಬಂದರಕ್ಕೆ ಬರಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಮಿಶನ್ನಿನವರು 1870ರ ದಶಕದಲ್ಲಿ ಮಂಗಳೂರಿನಲ್ಲೇ ಒಂದು ಯಂತ್ರಶಾಲೆಯನ್ನು ತೆರೆದದ್ದರ ಬೆಲೆ ಇದರಿಂದ ತಿಳಿಯುತ್ತದೆ. ಹೊರಗೆ ಹೋಗುವ ಹಂಚಿಗಾದರೋ ಅವರು ಇನ್ನೊಂದು ಬಗೆಯ ಜಾಮೀನು ಕೊಟ್ಟರು. ಹಳೆಯ ಮನೆಯ ಮಾಡಿನಿಂದ ಒಂದು ಹಂಚನ್ನು ಇಳಿಸಿ ಮಗುಚಿ ನೋಡಿ: ಮಾಡಿದವರ ಹೆಸರೂ ಊರೂ ಅಚ್ಚೊತ್ತಿರುತ್ತವೆ. ಸಾವಿರ ಮೈಲಿಯಾಚೆ ಒಡೆದರೂ ಸೋರಿದರೂ ಯಾರನ್ನು ಬಯ್ಯಬೇಕೆಂಬುದು ಅದರ ಬೆನ್ನಿನ ಮೇಲೇ ಬರೆದಿದೆ.

ಇಷ್ಟೆಲ್ಲ ದೊಡ್ಡ ವರ್ತಕರ ಕಥೆ. ಬಡ ಗಿರಾಕಿಯೊಬ್ಬ, ಪರಊರಿನ ಅಂಗಡಿಯನ್ನು ಕಾಣದೆ, ಒಂದೇ ಒಂದು ಸಾಮಾನನ್ನು ತರಿಸುವುದು ಸಾಧ್ಯವಾದದ್ದು ಅಂಚೆಯಿಂದ. 1877ರ ಡಿಸೆಂಬರಿನಲ್ಲಿ ಭಾರತದ ಅಂಚೆ ಇಲಾಖೆ ವ್ಯಾಲ್ಯೂ ಪೇಯಬಲ್ ಪದ್ಧತಿಯನ್ನು, ನಾವೆಲ್ಲ ವಿ. ಪಿ. ಎಂದು ಕರೆದುದನ್ನು, ಜಾರಿಗೆ ತಂದಿತು. ಅಂಚೆಯವನು ಕಟ್ಟನ್ನು ಮನೆಗೆ ತರುತ್ತಾನೆ. ಹಣ ಎಣಿಸಿಕೊಟ್ಟರೆ ಕಟ್ಟು ಕೈಗೆ ಬರುತ್ತದೆ. ಹಣ ಮಾರಿದವನಿಗೆ ಹೋಗುತ್ತದೆ. ಇಬ್ಬರು ಅಪರಿಚಿತರ ನಡುವೆ ಸರ್ಕಾರದ ಚೀಲವೊಂದು ನಿಂತಿತು. ಗಡಿಯಾರ, ಹಾರ್ಮೋನಿಯಂ, ಔಷಧ, ಪುಸ್ತಕ ಎಲ್ಲವೂ ಹಳ್ಳಿಹಳ್ಳಿಗೆ ಹೋದವು. ಕನ್ನಡ ಪತ್ರಿಕೆಗಳ ಜಾಹೀರಾತಿನ ಕಡೆಯ ಸಾಲು ‘ಅಂಚೆ ವೆಚ್ಚ ಪ್ರತ್ಯೇಕ’ ಎಂಬುದು ಹಿರಿಯ ವಾಚಕರಿಗೆ ಬಾಯಿಪಾಠವಾಗಿರಬಹುದು.

ಪದ್ಧತಿಯ ಒಳಗೇ ಒಂದು ಬಿರುಕಿತ್ತು. ಮೊದಲು ಹಣ, ಆಮೇಲೆ ಕಟ್ಟು ಬಿಚ್ಚುವುದು. ಒಳಗೆ ಏನಿದೆಯೆಂಬುದಕ್ಕೆ ಅಂಚೆ ಹೊಣೆಯಲ್ಲ. ಕೇಳದವರ ವಿಳಾಸಕ್ಕೆ ಕಸವನ್ನು ಕಟ್ಟಿ ಕಳುಹಿಸಿ, ಮನೆಯಲ್ಲಿದ್ದವರು ಯಾರೋ ತರಿಸಿರಬೇಕೆಂದು ಹಣ ಕೊಟ್ಟುಬಿಡುವುದನ್ನೇ ಕಾದಿದ್ದವರುಂಟು. ಅದಕ್ಕಾಗಿಯೇ 1898ರ ಅಂಚೆ ಕಾಯಿದೆಯ ಪ್ರಕಾರ, ನಿಜವಾದ ಬೇಡಿಕೆ ಬಂದ ಮೇಲೆಯೇ ಕಳುಹಿಸುತ್ತಿರುವುದೆಂದು ಮಾರುವವನು ಘೋಷಿಸಬೇಕಾಗಿತ್ತು. ಮೋಸವಾದಲ್ಲಿ ವಸೂಲಾದ ಹಣವನ್ನು ತಡೆದು ಹಿಂದಿರುಗಿಸುವುದಕ್ಕೂ ಅದರಡಿಯಲ್ಲಿ ನಿಯಮ ಬಂತು. ಮೋಸ ಒಂದೇ ಕಡೆಯದೆಂದು ಹೇಳುವುದು ಅನ್ಯಾಯವಾದೀತು. ಉತ್ಸಾಹದಿಂದ ಕಾರ್ಡು ಬರೆದು, ವಿ. ಪಿ. ಬಂದಾಗ ‘ಬೇಡ’ ಎಂದು ತಿರುಗಿಸಿದ ಗಿರಾಕಿಗಳಿಂದ ಹೋಗುವ ಬರುವ ಎರಡು ವೆಚ್ಚವನ್ನೂ ತೆತ್ತ ಪುಸ್ತಕ ಪ್ರಕಾಶಕರನ್ನು ನಾನು ಬಲ್ಲೆ.

ನನ್ನ ತಂದೆ ಕುದ್ರೋಳಿಯಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದರು. 1980ರ ದಶಕದ ಕೊನೆ ಇರಬೇಕು, ನವರಾತ್ರಿಗೆ ಮುನ್ನ ಅವರ ಹಳೆಯ ವಿದೇಶಿ ಯಂತ್ರದ ಬಾಬಿನ್ ಪೆಟ್ಟಿಗೆ ಕೆಟ್ಟಿತು. ಊರಿನಲ್ಲಿ ಆ ಮಾದರಿಯದು ಸಿಕ್ಕಲಿಲ್ಲ. ಉತ್ತರದ ಒಂದು ಪಟ್ಟಣದ ವ್ಯಾಪಾರಿಯ ಜಾಹೀರಾತನ್ನು ನೋಡಿ ಬರೆದರು. ವಿ. ಪಿ. ಬಂತು, ಸಾಮಾನಿನ ಬೆಲೆಗಿಂತ ಅಂಚೆ, ಕಟ್ಟು, ಇತರ ವೆಚ್ಚಗಳೇ ಹೆಚ್ಚು. ಬಿಚ್ಚಿದರೆ ಬೇರೆ ಮಾದರಿಯದು. ಹಿಂದಕ್ಕೆ ಕಳುಹಿಸೋಣವೆಂದರೆ ಮತ್ತೆ ಅಷ್ಟೇ ಖರ್ಚು, ಹಣ ಬರುವುದೆಂಬ ಭರವಸೆಯೂ ಇಲ್ಲ. ಮೂರು ಕಾರ್ಡು ಬರೆದರು, ಉತ್ತರವಿಲ್ಲ. ಹಬ್ಬದ ಬಟ್ಟೆಗೆ ಮುಂಗಡ ಕೊಟ್ಟವರು ದಿನಕ್ಕೆ ನಾಲ್ಕು ಸಲ ಬಾಗಿಲಿಗೆ ಬಂದರು. ಕೆಲವರು ಬಟ್ಟೆಯನ್ನು ಹಿಂದಕ್ಕೆ ಒಯ್ದರು. ಬಂದರಿನ ಒಬ್ಬ ಫಿಟ್ಟರು ಆ ಬೇರೆ ಮಾದರಿಯದನ್ನೇ ಅರದಿಂದ ಉಜ್ಜಿ ಉಜ್ಜಿ ಕೂಡಿಸಿಕೊಟ್ಟ. ಯಂತ್ರ ಓಡಿತು, ಆದರೆ ಅಂದಿನಿಂದ ಅದರ ಸದ್ದು ಬೇರೆಯಾಯಿತು. ಹಿಂದಕ್ಕೆ ಹೋದ ಬಟ್ಟೆಗಳಲ್ಲಿ ಕೆಲವು ಆಮೇಲೆ ನಮ್ಮ ಅಂಗಡಿಗೆ ಬರಲೇ ಇಲ್ಲ.

ವಿ. ಪಿ.ಯ ಉಪಾಯವೇ ಹೊಸ ವೇಷದಲ್ಲಿ ಮರಳಿ ಬಂತೆನ್ನಬಹುದು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್, 2010ರಲ್ಲಿ ಸಾಮಾನು ಬಂದ ಮೇಲೆ ಹಣ ಕೊಡುವ ಸೌಲಭ್ಯವನ್ನು ತಂದಿತು. ಕಾಣದ ಅಂಗಡಿಗೆ ಮುಂಗಡ ಕೊಡಲು ಅಂಜುತ್ತಿದ್ದ ಜನ ಅದರಿಂದ ಧೈರ್ಯಗೊಂಡರು. ಈಗ ಮಿಕ್ಸಿಯ ರಬ್ಬರು ಉಂಗುರವನ್ನೂ ಪಂಪಿನ ಕವಾಟವನ್ನೂ ಮನೆಯಲ್ಲಿ ಕುಳಿತೇ ತರಿಸುತ್ತೇವೆ. ಉಂಗುರಕ್ಕಿಂತ ಅದರ ಪ್ರಯಾಣಕ್ಕೆ ಹೆಚ್ಚು ತೆರುವುದು ಇಂದಿಗೂ ಉಂಟು. ‘ಸಾಗಣೆ ಉಚಿತ’ ಎಂದಿದ್ದರೆ ಅದು ಬೆಲೆಯೊಳಗೆ ಅಡಗಿರುವ ಸಂಭವವೇ ಹೆಚ್ಚು, ಹಡಗಿನ ಬಾಡಿಗೆಯನ್ನು ಯಾರೂ ಧರ್ಮಕ್ಕೆ ತೆರುವುದಿಲ್ಲವಷ್ಟೆ. ಮಾರುವವನ ಯೋಗ್ಯತೆಯನ್ನು ಅಪರಿಚಿತರು ಕೊಟ್ಟ ನಕ್ಷತ್ರಗಳಿಂದ ಅಳೆಯುತ್ತೇವೆ. ಕಾರ್ದಾರನಿಗೆ ಕಳುಹಿಸಬೇಕೆಂದಿದ್ದ ಖಂಡನೆಯ ಪತ್ರಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ: ಆ ಪತ್ರದ ಕೆಳಗೆ ಬರೆದವರ ಹೆಸರಿರುತ್ತಿತ್ತು, ಅವರನ್ನು ಏಡನ್ ಬಂದರವೆಲ್ಲ ಬಲ್ಲದು.

1898ರ ಕಾಯಿದೆ 2024ರ ಜೂನ್ 18ರಂದು ಹೊಸ ಅಂಚೆ ಕಾಯಿದೆಗೆ ಎಡೆಗೊಟ್ಟಿತು. ಅಂಚೆಯ ಹೊರಗೆ ನಡೆಯುವ ಈ ಹೊಸ ವ್ಯಾಪಾರಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ 2020ರ ಇ-ವಾಣಿಜ್ಯ ನಿಯಮಗಳೂ ಇವೆ. ಮಾರುವವನ ಹೆಸರು ವಿಳಾಸಗಳು ಗಿರಾಕಿಗೆ ಕಾಣುವಂತಿರಬೇಕು. ದೂರು ಕೊಟ್ಟರೆ 48 ಗಂಟೆಯೊಳಗೆ ಮುಟ್ಟಿದೆಯೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ವಿಳಾಸವಿರುವುದು ಪುಟದ ತೀರ ಕೆಳಗೆ, ಸಣ್ಣ ಅಕ್ಷರದಲ್ಲಿ. ಹಂಚಿನಂತೆ ಅದನ್ನೂ ಮಗುಚಿಯೇ ನೋಡಬೇಕು.