ಎಬಿಎಸ್ ಲೈಟ್ ಹತ್ತಿದರೆ ಮನೆಯಲ್ಲೇ ಸೋಲ್ಡರ್ ಮಾಡಿದರೆ ಸಾಕೇ?

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಬಿಎಸ್ ಲೈಟ್ ಹತ್ತಿ ಆರುತ್ತಲೇ ಇಲ್ಲ. ವಿಚಾರಿಸಿದರೆ ಮಾಡ್ಯೂಲ್ ಬದಲಿಸಬೇಕು, ಹತ್ತಾರು ಸಾವಿರ ಆಗುತ್ತದೆ ಅನ್ನುತ್ತಾರೆ. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಬರುತ್ತದೆ. ಒಬ್ಬರು ಮಾಡ್ಯೂಲಿನ ಮುಚ್ಚಳ ಕತ್ತರಿಸಿ, ಒಳಗೆ ಎರಡು ಕಡೆ ಸೋಲ್ಡರ್ ಇಟ್ಟು, ಮುಚ್ಚಿ, ಕಾರು ಸ್ಟಾರ್ಟ್ ಮಾಡುತ್ತಾರೆ. ಲೈಟ್ ಮಾಯ! ಐವತ್ತು ರೂಪಾಯಿಯಲ್ಲಿ ಕೆಲಸ ಮುಗಿಯಿತು ಎಂಬ ಮಾತಿನೊಂದಿಗೆ ವಿಡಿಯೊ ಮುಗಿಯುತ್ತದೆ.

ಇದು ನಿಜವೇ?

ಚುಟುಕಾಗಿ ಹೇಳುವುದಾದರೆ, ಅರ್ಧ ನಿಜ. ಕೆಲವು ಮಾಡ್ಯೂಲ್‌ಗಳು ಬೆಸುಗೆ ಬಿರುಕು ಬಿಟ್ಟೇ ಕೆಡುತ್ತವೆ, ಅಂಥವನ್ನು ಸೋಲ್ಡರ್ ಮಾಡಿ ಸರಿಪಡಿಸಲೂಬಹುದು. ಆದರೆ ಎಬಿಎಸ್ ಲೈಟ್ ಹತ್ತಲು ಮಾಡ್ಯೂಲೇ ಕಾರಣ ಆಗಿರಬೇಕಿಲ್ಲ. ಎಲ್ಲ ಮಾಡ್ಯೂಲ್‌ಗಳನ್ನೂ ಸೋಲ್ಡರ್ ಮಾಡಲು ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಲೈಟ್ ಆರಿತು ಎಂದರೆ ಬ್ರೇಕ್ ಸರಿಯಾಯಿತು ಎಂದಲ್ಲ.

ಎಬಿಎಸ್ ಏನು ಮಾಡುತ್ತದೆ?

ಜೋರಾಗಿ ಹೋಗುವಾಗ ಎದುರಿಗೆ ದನ ಅಡ್ಡ ಬಂತು, ಬ್ರೇಕ್ ಒತ್ತಿ ಹಿಡಿದಿರಿ ಎಂದುಕೊಳ್ಳಿ. ಎಬಿಎಸ್ ಇಲ್ಲದ ಕಾರಿನಲ್ಲಿ ಚಕ್ರಗಳು ಲಾಕ್ ಆಗಿ ಕಾರು ಜಾರಬಹುದು. ಮುಂದಿನ ಚಕ್ರ ತಿರುಗುವುದೇ ನಿಂತರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ಹೋಗುತ್ತದೆ.

ಇದನ್ನು ತಪ್ಪಿಸುವುದೇ ಎಬಿಎಸ್ ಕೆಲಸ. ಪ್ರತಿ ಚಕ್ರದ ಬಳಿ ವೇಗ ಅಳೆಯುವ ಒಂದು ಸೆನ್ಸರ್ ಇರುತ್ತದೆ. ಯಾವುದೋ ಒಂದು ಚಕ್ರ ಇದ್ದಕ್ಕಿದ್ದಂತೆ ನಿಧಾನವಾದರೆ, ಅದು ಲಾಕ್ ಆಗಲಿದೆ ಎಂದು ಕಂಟ್ರೋಲ್ ಮಾಡ್ಯೂಲ್ ಗ್ರಹಿಸುತ್ತದೆ. ಕೂಡಲೇ ವಾಲ್ವ್ ತೆರೆದು ಆ ಚಕ್ರದ ಬ್ರೇಕ್ ಒತ್ತಡ ಇಳಿಸುತ್ತದೆ, ಮತ್ತೆ ಏರಿಸುತ್ತದೆ. ಹೀಗೆ ಸೆಕೆಂಡಿಗೆ ಹಲವು ಬಾರಿ. ಈ ಕೆಲಸಕ್ಕೆ ನೆರವಾಗಲು ಒಂದು ವಿದ್ಯುತ್ ಪಂಪ್ ಇರುತ್ತದೆ. ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಕಾಲಿನ ಕೆಳಗೆ ಅದುರುವುದು ಇದರಿಂದಲೇ.

ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಬೆಂಜ್ ಎಸ್-ಕ್ಲಾಸ್ ಕಾರಿನೊಂದಿಗೆ ಮಾರುಕಟ್ಟೆಗೆ ಬಂತು. ಭಾರತದಲ್ಲಿ 2018ರ ಏಪ್ರಿಲ್‌ನಿಂದ ಹೊಸ ಮಾದರಿಯ ಕಾರುಗಳಿಗೆ, 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ. ಅಂದರೆ ದುಬಾರಿ ಕಾರಿಗಷ್ಟೇ ಇದ್ದ ಈ ಮಾಡ್ಯೂಲ್ ಈಗ ಸಣ್ಣ ಕಾರಿನಲ್ಲೂ ಇದೆ. ಆ ಕಾರುಗಳ ವಾರಂಟಿ ಮುಗಿಯುತ್ತಾ ಬಂದಂತೆ ಅಗ್ಗದ ರಿಪೇರಿಯ ಹುಡುಕಾಟವೂ ಹೆಚ್ಚುತ್ತದೆ.

ಬೆಸುಗೆ ಏಕೆ ಬಿರುಕು ಬಿಡುತ್ತದೆ?

ಟಿವಿ, ಮಿಕ್ಸಿ ರಿಪೇರಿ ಮಾಡುವವರು ‘ಡ್ರೈ ಸೋಲ್ಡರ್ ಆಗಿದೆ’ ಅನ್ನುವುದನ್ನು ಕೇಳಿರುತ್ತೀರಿ. ಇಲ್ಲೂ ಅದೇ ಕಥೆ.

ಮಾಡ್ಯೂಲ್ ಇರುವುದು ಬಾನೆಟ್ ಒಳಗೆ, ಬಿಸಿ ಎಂಜಿನ್ನಿನ ಪಕ್ಕ. ಕಾರು ಓಡಿದಾಗ ಕಾಯುತ್ತದೆ, ನಿಲ್ಲಿಸಿದಾಗ ತಣ್ಣಗಾಗುತ್ತದೆ. ಒಳಗಿನ ಲೋಹದ ಪಿನ್ ಒಂದು ಅಳತೆಯಲ್ಲಿ ಹಿಗ್ಗುತ್ತದೆ, ಅದು ಕೂತಿರುವ ಬೋರ್ಡ್ ಇನ್ನೊಂದು ಅಳತೆಯಲ್ಲಿ ಹಿಗ್ಗುತ್ತದೆ. ಈ ಎರಡರ ಜಗಳದಲ್ಲಿ ನಡುವಿನ ಬೆಸುಗೆ ಸವೆಯುತ್ತದೆ. ತವರ ಮತ್ತು ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಅಷ್ಟು ಮೆದು ಲೋಹ ಎಂಜಿನ್ ಬಿಸಿಯಲ್ಲಿ ವರ್ಷಗಟ್ಟಲೆ ಎಳೆದಾಡಿಸಿಕೊಂಡರೆ ಪಿನ್ನಿನ ಸುತ್ತ ಉಂಗುರದಂಥ ಸಣ್ಣ ಬಿರುಕು ಮೂಡುತ್ತದೆ. ರಸ್ತೆಯ ಕುಲುಕಾಟವೂ ಇದಕ್ಕೆ ಸೇರುತ್ತದೆ. ಹೆಚ್ಚು ಕರೆಂಟ್ ಹರಿಯುವ ದಪ್ಪ ಪಿನ್‌ಗಳಲ್ಲಿ ಈ ತೊಂದರೆ ಹೆಚ್ಚು.

ಬಿರುಕು ಒಮ್ಮೆ ಮುಟ್ಟುತ್ತದೆ, ಒಮ್ಮೆ ಬಿಡುತ್ತದೆ. ಆದ್ದರಿಂದಲೇ ಲೈಟ್ ಬೆಳಿಗ್ಗೆ ಇರುವುದಿಲ್ಲ, ಕಾರು ಕಾದ ಮೇಲೆ ಹತ್ತುತ್ತದೆ. ಅಥವಾ ಹಂಪ್ ಹಾರಿದಾಗ ಹತ್ತುತ್ತದೆ.

ಹಾಗಾದರೆ ವಿಡಿಯೊದಲ್ಲಿ ತೋರಿಸುವುದು ನಿಜವೇ?

ಕೆಲವು ಕಾರುಗಳ ಮಟ್ಟಿಗೆ ನಿಜ. ಇದಕ್ಕೆ ಹೆಸರಾದ ಉದಾಹರಣೆ 1990ರ ದಶಕದ ದ್ವಿತೀಯಾರ್ಧದ ವೋಲ್ವೊ 850, ಎಸ್70 ಮತ್ತು ವಿ70 ಕಾರುಗಳು. ಇವುಗಳಲ್ಲಿ ಎಬಿಎಸ್ ಲೈಟ್ ಜೊತೆಗೆ ಸ್ಪೀಡೋಮೀಟರ್ ಮುಳ್ಳೂ ಆಗಾಗ ಬಿದ್ದುಹೋಗುತ್ತಿತ್ತು, ಏಕೆಂದರೆ ವೇಗದ ಮಾಹಿತಿ ಬರುತ್ತಿದ್ದುದು ಇದೇ ಮಾಡ್ಯೂಲಿನಿಂದ. ಮುಚ್ಚಳ ತೆರೆದು ನೋಡಿದರೆ ದೊಡ್ಡ ಪಿನ್‌ಗಳ ಬೆಸುಗೆ ಬಿರಿದಿರುತ್ತಿತ್ತು. ಬ್ರೇಕ್ ಆಯಿಲ್ ಪೈಪುಗಳನ್ನು ಬಿಚ್ಚದೆಯೇ ಮಾಡ್ಯೂಲನ್ನು ಮಾತ್ರ ಹೊರತೆಗೆಯಬಹುದಿತ್ತು. ಹೀಗಾಗಿ ಅಮೆರಿಕ, ಯುರೋಪಿನ ಅನೇಕ ಮಾಲೀಕರು ಮನೆಯಲ್ಲೇ ಸೋಲ್ಡರ್ ಮಾಡಿಕೊಂಡರು. ಹಲವರಿಗೆ ಕೆಲಸವೂ ಆಯಿತು.

ಆ ಒಂದು ಬಗೆಯ ಮಾಡ್ಯೂಲಿನ ಅನುಭವವನ್ನು ಎಲ್ಲ ಕಾರುಗಳಿಗೂ ಅನ್ವಯಿಸುವುದರಿಂದಲೇ ತೊಂದರೆ ಶುರುವಾಗುತ್ತದೆ.

ಎಲ್ಲ ಮಾಡ್ಯೂಲ್‌ಗಳನ್ನೂ ಸೋಲ್ಡರ್ ಮಾಡಬಹುದೇ?

ಇಲ್ಲ. ಅದೇ ಕಾಲದ ಆಡಿ ಮತ್ತು ಫೋಕ್ಸ್‌ವ್ಯಾಗನ್ ಪಸಾಟ್ ಕಾರುಗಳಲ್ಲಿದ್ದ ಬಾಷ್ 5.3 ಮಾಡ್ಯೂಲನ್ನೇ ನೋಡಿ. ಅದರೊಳಗೆ ಸೆರಾಮಿಕ್ ಬೋರ್ಡ್ ಇದೆ, ಜೋಡಣೆಗೆ ತೆಳುವಾದ ಅಲ್ಯೂಮಿನಿಯಂ ತಂತಿಗಳಿವೆ. ಕಿತ್ತುಹೋಗುವುದು ಆ ತಂತಿಗಳು. ಅಲ್ಯೂಮಿನಿಯಂ ಮೇಲೆ ಸದಾ ಆಕ್ಸೈಡ್ ಪದರ ಇರುವುದರಿಂದ ಸಾಮಾನ್ಯ ಸೋಲ್ಡರ್ ಅದಕ್ಕೆ ಅಂಟುವುದೇ ಇಲ್ಲ. ಇದಕ್ಕೆ ಬೇರೆಯೇ ಯಂತ್ರ ಬೇಕು.

ಮಾಡ್ಯೂಲನ್ನು ಓವನ್‌ನಲ್ಲಿಟ್ಟು ಬಿಸಿ ಮಾಡಿದರೆ ಬೆಸುಗೆ ತಾನೇ ಕರಗಿ ಕೂಡಿಕೊಳ್ಳುತ್ತದೆ ಎನ್ನುವ ಸಲಹೆಯೂ ಹರಿದಾಡುತ್ತದೆ. ಇದನ್ನು ಖಂಡಿತ ಮಾಡಬೇಡಿ. ಬೆಸುಗೆ ಕರಗುವ ಮೊದಲೇ ಪ್ಲಾಸ್ಟಿಕ್ ಕವಚ, ಕನೆಕ್ಟರ್, ಕೆಪ್ಯಾಸಿಟರ್ ಹಾಳಾಗಬಹುದು. ಅಡುಗೆ ಮಾಡುವ ಓವನ್ನಿಗೆ ಸೀಸ ಮತ್ತು ಹೊಗೆಯ ಅಂಶ ಸೇರುವುದು ಬೇರೆ.

ಲೈಟ್ ಹತ್ತಿದರೆ ಮಾಡ್ಯೂಲೇ ಕೆಟ್ಟಿದೆ ಎಂದರ್ಥವೇ?

ಅಲ್ಲ. ಲೈಟ್ ಹೇಳುವುದು ‘ಎಬಿಎಸ್ ವ್ಯವಸ್ಥೆಯಲ್ಲಿ ಎಲ್ಲೋ ದೋಷ ಇದೆ, ನಾನು ಕೆಲಸ ನಿಲ್ಲಿಸಿದ್ದೇನೆ’ ಎಂದಷ್ಟೇ. ಕಾರಣ ಇವುಗಳಲ್ಲಿ ಯಾವುದೂ ಇರಬಹುದು:

• ಚಕ್ರದ ಸೆನ್ಸರ್ ಕೆಟ್ಟಿರುವುದು, ಅದರ ಮೇಲೆ ಕೆಸರು ಅಥವಾ ಕಬ್ಬಿಣದ ಪುಡಿ ಕೂತಿರುವುದು
• ಸೆನ್ಸರಿನ ವೈರ್ ತುಂಡಾಗಿರುವುದು ಅಥವಾ ಇಲಿ ಕಡಿದಿರುವುದು
• ಕನೆಕ್ಟರಿನಲ್ಲಿ ನೀರು ಸೇರಿ ಪಾಚಿಗಟ್ಟಿರುವುದು
• ಫ್ಯೂಸ್ ಹೋಗಿರುವುದು, ಬ್ಯಾಟರಿ ದುರ್ಬಲವಾಗಿರುವುದು
• ವೀಲ್ ಬೇರಿಂಗ್ ಬದಲಿಸುವಾಗ ಅದರ ಅಯಸ್ಕಾಂತದ ಬದಿಯನ್ನು ತಿರುವುಮುರುವಾಗಿ ಹಾಕಿರುವುದು

ಇವುಗಳಲ್ಲಿ ಯಾವುದೇ ಇದ್ದರೂ ಮಾಡ್ಯೂಲ್ ಕತ್ತರಿಸಿ ಸೋಲ್ಡರ್ ಇಟ್ಟರೆ ಪ್ರಯೋಜನವಿಲ್ಲ. ಚೆನ್ನಾಗಿದ್ದ ಮಾಡ್ಯೂಲನ್ನು ಕೈಯಾರೆ ಕೆಡಿಸಿದಂತಾಗುತ್ತದೆ.

ಲೈಟ್ ಆರಿದರೆ ರಿಪೇರಿ ಆಯಿತೇ?

ವಿಡಿಯೊಗಳು ಮುಗಿಯುವುದೇ ಲೈಟ್ ಆರುವಲ್ಲಿಗೆ. ನಿಜವಾದ ಪರೀಕ್ಷೆ ಶುರುವಾಗುವುದು ಅಲ್ಲಿಂದ.

ಒಂದು ಸಣ್ಣ ಲೆಕ್ಕ ಹಾಕೋಣ. ಎಬಿಎಸ್ ಪಂಪ್ ಹತ್ತಾರು ಆಂಪಿಯರ್ ಕರೆಂಟ್ ಎಳೆಯುತ್ತದೆ. 20 ಆಂಪಿಯರ್ ಎಂದೇ ಹಿಡಿಯಿರಿ. ಬೆಸುಗೆ ಸರಿಯಾಗಿ ಕೂಡದೆ ಅಲ್ಲಿ 0.1 ಓಮ್‌ನಷ್ಟು ತಡೆ ಉಳಿದಿದ್ದರೆ, ಆ ಒಂದು ಬಿಂದುವಿನಲ್ಲಿ 40 ವ್ಯಾಟ್ ಶಾಖ ಹುಟ್ಟುತ್ತದೆ. ಮನೆಯಲ್ಲಿ ಬಳಸುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದ್ದು! ಅಂದರೆ ಕಳಪೆ ಬೆಸುಗೆ ತನ್ನ ಶಾಖದಿಂದ ತಾನೇ ಬಿಡಬಹುದು.

ಇದು ಯಾವಾಗ ಆಗುತ್ತದೆ? ಕಾರು ಸ್ಟಾರ್ಟ್ ಮಾಡಿದಾಗ ಅಲ್ಲ. ಆಗ ಮಾಡ್ಯೂಲ್ ತನ್ನನ್ನು ತಾನೇ ಕ್ಷಣಮಾತ್ರ ಪರೀಕ್ಷಿಸಿಕೊಳ್ಳುತ್ತದೆ, ಪಾಸಾದರೆ ಲೈಟ್ ಆರಿಸುತ್ತದೆ. ದಿನನಿತ್ಯ ಮೆಲ್ಲಗೆ ಬ್ರೇಕ್ ಒತ್ತುವಾಗಲೂ ಅಲ್ಲ, ಆಗ ಎಬಿಎಸ್ ಪಂಪ್ ಓಡುವುದೇ ಇಲ್ಲ. ಪಂಪ್ ಪೂರ್ತಿ ಕೆಲಸ ಮಾಡುವುದು ನೀವು ಗಾಬರಿಯಿಂದ ಬ್ರೇಕ್ ತುಳಿದಾಗ. ಮಳೆಯಲ್ಲಿ ಘಾಟಿ ಇಳಿಯುವಾಗ ಅಂಥ ಕ್ಷಣ ಬರಬಹುದು. ಮಿಕ್ಸಿಯ ಬೆಸುಗೆ ಬಿಟ್ಟರೆ ಚಟ್ನಿ ನಿಲ್ಲುತ್ತದೆ. ಇಲ್ಲಿ ಬಿಟ್ಟರೆ ಚಕ್ರ ಲಾಕ್ ಆಗುತ್ತದೆ. ಲೈಟ್ ಹತ್ತಿದ್ದಾಗ ನೀವಾದರೂ ಎಚ್ಚರದಿಂದ ಓಡಿಸುತ್ತಿದ್ದಿರಿ. ಲೈಟ್ ಆರಿದ ಮೇಲೆ ಎಬಿಎಸ್ ಇದೆ ಎಂದು ನಂಬಿ ಓಡಿಸುತ್ತೀರಿ.

ಮನೆ ರಿಪೇರಿಯಲ್ಲಿ ಸಾಮಾನ್ಯವಾಗಿ ಆಗುವ ಇನ್ನೆರಡು ತಪ್ಪುಗಳಿವೆ. ಒಂದು, ದಪ್ಪ ಪಿನ್ ಶಾಖವನ್ನು ಹೀರಿಕೊಳ್ಳುವುದರಿಂದ ಸಣ್ಣ ಐರನ್ ಸಾಲದೆ ಹೊಸ ಸೋಲ್ಡರ್ ಹಳೆಯದರ ಮೇಲೆ ಬರೀ ಹೊದಿಕೆಯಂತೆ ಕೂರುತ್ತದೆ. ಒಳಗಿನ ಬಿರುಕು ಹಾಗೇ ಉಳಿಯುತ್ತದೆ. ಇನ್ನೊಂದು, ಮುಚ್ಚಳ ಅಂಟಿಸಲು ವಿನೆಗರ್‌ನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಬಳಸುವುದು. ಅದು ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಅಂಟು ಸರಿಯಾಗಿ ಕೂರದಿದ್ದರೆ ಮಳೆಗಾಲದಲ್ಲಿ ನೀರು ಒಳಗೆ ಹೋಗುತ್ತದೆ.

ಮಾಡ್ಯೂಲಿನೊಳಗೆ ಶಾರ್ಟ್ ಆದರೆ ಬೆಂಕಿಯ ಅಪಾಯವೂ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಅಮೆರಿಕದಲ್ಲಿ 33 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆದವು. ಬ್ರೇಕ್ ಆಯಿಲ್ ಒಳಗೆ ಸೋರಿ ಶಾರ್ಟ್ ಆಗಿ, ನಿಲ್ಲಿಸಿದ್ದ ಕಾರಿಗೂ ಬೆಂಕಿ ಹತ್ತಬಹುದು ಎಂಬುದು ಕಾರಣ. ರಿಪೇರಿ ಆಗುವವರೆಗೆ ಕಾರನ್ನು ಮನೆಯಿಂದ ದೂರ, ಬಯಲಲ್ಲಿ ನಿಲ್ಲಿಸಿ ಎಂದು ಮಾಲೀಕರಿಗೆ ತಿಳಿಸಲಾಯಿತು. ಅಲ್ಲಿನ ದೋಷ ಬೇರೆ. ಆದರೆ ಎಂಜಿನ್ ಆಫ್ ಇದ್ದರೂ ಈ ಪೆಟ್ಟಿಗೆಗೆ ಬ್ಯಾಟರಿಯಿಂದ ಕರೆಂಟ್ ಬರುತ್ತಲೇ ಇರಬಹುದು ಎಂಬುದನ್ನು ಅದು ನೆನಪಿಸುತ್ತದೆ.

ಲೈಟ್ ಹತ್ತಿದ್ದರೂ ಕಾರು ಓಡಿಸಬಹುದೇ?

ಹಳದಿ ಎಬಿಎಸ್ ಲೈಟ್ ಒಂದೇ ಹತ್ತಿದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ. ವ್ಯವಸ್ಥೆಯನ್ನು ರೂಪಿಸಿರುವುದೇ ಹಾಗೆ. ಮುಂದಿನ ವಾಹನದಿಂದ ಹೆಚ್ಚು ಅಂತರ ಬಿಟ್ಟು ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು.

ಹಳದಿಯ ಜೊತೆ ಕೆಂಪು ಬ್ರೇಕ್ ಲೈಟೂ ಹತ್ತಿದರೆ, ಹ್ಯಾಂಡ್‌ಬ್ರೇಕ್ ಎಳೆದಿಲ್ಲ ಎಂದು ಖಚಿತವಾದರೆ, ಕಾರು ನಿಲ್ಲಿಸಿ. ಬ್ರೇಕ್ ಆಯಿಲ್ ಕಡಿಮೆ ಆಗಿರಬಹುದು. ಅಥವಾ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬ್ರೇಕ್ ಬಲ ಹಂಚುವ ಇಬಿಡಿ ವ್ಯವಸ್ಥೆಯೂ ನಿಂತಿರಬಹುದು. ಆಗ ಹಿಂದಿನ ಚಕ್ರಗಳು ಮೊದಲೇ ಲಾಕ್ ಆಗಿ ಕಾರು ಗಿರ್ರನೆ ತಿರುಗಬಹುದು. ಟೋ ಮಾಡಿಸುವುದೇ ಕ್ಷೇಮ.

ಹಾಗಾದರೆ ಏನು ಮಾಡಬೇಕು?

1. ಮೊದಲು ಫ್ಯೂಸ್, ಬ್ಯಾಟರಿ ಟರ್ಮಿನಲ್, ಬ್ರೇಕ್ ಆಯಿಲ್ ಮಟ್ಟ ನೋಡಿ.

2. ಎಬಿಎಸ್ ಕೋಡ್ ಓದುವ ಸ್ಕ್ಯಾನರ್‌ನಿಂದ ಪರೀಕ್ಷೆ ಮಾಡಿಸಿ. ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಬ್ರೇಕಿನ ಕೋಡುಗಳು ಸಾಮಾನ್ಯವಾಗಿ ‘ಸಿ’ ಅಕ್ಷರದಿಂದ ಶುರುವಾಗುತ್ತವೆ. ಉದಾಹರಣೆಗೆ ಸಿ0035 ಎಂದರೆ ಮುಂದಿನ ಎಡ ಚಕ್ರದ ಸೆನ್ಸರ್ ಕಡೆಯ ದೋಷ.

3. ವಾರಂಟಿ ಇದೆಯೇ, ನಿಮ್ಮ ಕಾರನ್ನು ಕಂಪನಿ ರಿಪೇರಿಗೆ ವಾಪಸ್ ಕರೆದಿದೆಯೇ ಎಂದು ಚಾಸಿ ನಂಬರ್ ಕೊಟ್ಟು ಕೇಳಿ. ಕರೆದಿದ್ದರೆ ರಿಪೇರಿ ಉಚಿತ. ಮಾಡ್ಯೂಲ್ ಒಮ್ಮೆ ಕತ್ತರಿಸಿದರೆ ವಾರಂಟಿ ಮರೆತುಬಿಡಿ.

4. ಸೆನ್ಸರ್, ವೈರ್ ಎಲ್ಲ ಸರಿ, ದೋಷ ಮಾಡ್ಯೂಲಿನದ್ದೇ ಎಂದು ಖಚಿತವಾದರೂ ಆಯ್ಕೆ ಹೊಸದೊಂದೇ ಅಲ್ಲ. ಕಾರಿನ ಎಲೆಕ್ಟ್ರಾನಿಕ್ ಮಾಡ್ಯೂಲ್ ರಿಪೇರಿಯನ್ನೇ ಕಸುಬಾಗಿ ಮಾಡುವವರಿದ್ದಾರೆ. ಬೆಂಚಿನ ಮೇಲೆ ಪರೀಕ್ಷಿಸಿ, ಬೆಸುಗೆ ಹಾಕಿ, ಮತ್ತೆ ಪರೀಕ್ಷಿಸಿ, ಗ್ಯಾರಂಟಿ ಬರೆದುಕೊಡುವವರನ್ನು ಹುಡುಕಿ.

5. ಗುಜರಿಯಿಂದ ಹಳೆಯ ಮಾಡ್ಯೂಲ್ ತರುವುದಾದರೆ ಪಾರ್ಟ್ ನಂಬರ್ ಅಕ್ಷರ ಅಕ್ಷರ ಹೊಂದಬೇಕು. ಅನೇಕ ಕಾರುಗಳಲ್ಲಿ ಅದನ್ನು ಕಾರಿಗೆ ಹೊಂದಿಸಿ ಕೋಡಿಂಗ್ ಮಾಡದಿದ್ದರೆ ಕೆಲಸ ಮಾಡುವುದಿಲ್ಲ.

6. ಯಾರೇ ರಿಪೇರಿ ಮಾಡಿದರೂ ‘ಲೈಟ್ ಆರಿದೆ ಸಾರ್’ ಎಂಬ ಮಾತಿಗೆ ಹಣ ಕೊಡಬೇಡಿ. ಸ್ಕ್ಯಾನರ್‌ನಿಂದ ಪಂಪ್ ಮತ್ತು ವಾಲ್ವ್‌ಗಳನ್ನು ಓಡಿಸಿ ತೋರಿಸಲು ಹೇಳಿ. ಕಾರು ಚೆನ್ನಾಗಿ ಕಾದ ಮೇಲೆ ಇನ್ನೊಮ್ಮೆ ನೋಡಲು ಹೇಳಿ, ಬಿರುಕು ಇದ್ದರೆ ಹೆಚ್ಚಾಗಿ ಆಗಲೇ ಬಯಲಾಗುವುದು.

ಸೋಲ್ಡರಿಂಗ್ ಕಲಿಯುವುದು ಒಳ್ಳೆಯ ಹವ್ಯಾಸ. ರೇಡಿಯೊ, ಎಮರ್ಜೆನ್ಸಿ ಲೈಟ್, ಮಕ್ಕಳ ಆಟಿಕೆಯಿಂದ ಶುರುಮಾಡಿ. ಹೊಗೆ ಮೂಗಿಗೆ ಹೋಗದಂತೆ ಕಿಟಕಿ ತೆರೆದಿಡಿ, ಆಸ್ತಮಾ ಇರುವವರು ದೂರ ಇರಲಿ. ಸೀಸದ ಸೋಲ್ಡರ್ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪು ಹಾಕಿ ತೊಳೆಯಿರಿ. ಬ್ರೇಕ್ ಮಾತ್ರ ಕಲಿಕೆಯ ವಸ್ತುವಲ್ಲ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

ಎಬಿಎಸ್ ಲೈಟ್ ಹತ್ತಿದರೆ ಮೊದಲು ಕೋಡ್ ಓದಿಸಿ, ಮಾಡ್ಯೂಲ್ ಬಿಚ್ಚಬೇಡಿ. ಹಳದಿ ಲೈಟ್ ಮಾತ್ರ ಇದ್ದರೆ ನಿಧಾನವಾಗಿ ಗ್ಯಾರೇಜಿಗೆ. ಕೆಂಪು ಲೈಟೂ ಇದ್ದರೆ ಅಲ್ಲೇ ನಿಲ್ಲಿಸಿ. ಸೋಲ್ಡರ್ ಮಾಡಿ ಸರಿಹೋಗುವ ಮಾಡ್ಯೂಲ್‌ಗಳು ಇವೆ, ಆದರೆ ಲೈಟ್ ಆರಿದ್ದನ್ನು ನೋಡಿ ಬ್ರೇಕ್ ಸರಿಯಾಗಿದೆ ಎಂದು ನಂಬಬೇಡಿ.