ಗಡಿ ದಾಟಿದ ಗಣಕಕ್ರಮ: ವೆಬ್‌ಅಸೆಂಬ್ಲಿಯ ಚರಿತ್ರೆಯಲ್ಲಿ ಒಂದು ಘಟ್ಟ

ಹುಮನಾಬಾದ್ ಬಸವಕಲ್ಯಾಣಗಳ ಸೀಮೆಗೆ ಸೇರಿದ ರಾಜೇಶ್ವರವು 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದಿತು. ಅಲ್ಲಿ ಸಲ್ಲುತ್ತಿದ್ದುದು ಹಾಲಿಸಿಕ್ಕಾ ರೂಪಾಯಿ. ಗಡಿಯಾಚೆ ಸಲ್ಲುತ್ತಿದ್ದುದು ಕಲ್ದಾರ್ ರೂಪಾಯಿ. ಸುಮಾರು ಏಳು ಹಾಲಿಸಿಕ್ಕಾಗೆ ಆರು ಕಲ್ದಾರ್ ಎಂಬುದು ವಿನಿಮಯದ ಲೆಕ್ಕ. ಬೆಳ್ಳಿಯ ಗುಣವೇನೇ ಇರಲಿ, ನಾಣ್ಯವು ತನ್ನ ಸೀಮೆಯ ಹೊರಗೆ ತಾನಾಗಿ ನಡೆಯಲಾರದು. ಗಣಕಯಂತ್ರದ ಕ್ರಮವಿಧಿಗಳಿಗೂ ಇದೇ ಬಗೆಯ ನಿರ್ಬಂಧವುಂಟು.

ಒಂದು ಜಾತಿಯ ಯಂತ್ರಕ್ಕೆಂದು ಸಿದ್ಧಪಡಿಸಿದ ಕ್ರಮವಿಧಿಯು ಮತ್ತೊಂದರಲ್ಲಿ ನಡೆಯದು. ಈ ತೊಡಕನ್ನು ನೀಗಲು 1970ರ ದಶಕದಲ್ಲಿ ಪಿ-ಕೋಡ್, 1995ರಲ್ಲಿ ಜಾವಾ ತಲೆದೋರಿದವು. 2015ರಲ್ಲಿ ಘೋಷಿತವಾದ ವೆಬ್‌ಅಸೆಂಬ್ಲಿ ಇದೇ ಪರಂಪರೆಗೆ ಸೇರಿದ್ದು. 2017ರ ಕೊನೆಯ ವೇಳೆಗೆ ನಾಲ್ಕು ಪ್ರಮುಖ ಬ್ರೌಸರುಗಳು ಅದನ್ನು ಅಂಗೀಕರಿಸಿದವು. 2019ರ ಡಿಸೆಂಬರ್ 5ರಂದು ಅದು ವಿಶ್ವಜಾಲ ಒಕ್ಕೂಟದ ಅಧಿಕೃತ ಶಿಫಾರಸಾಯಿತು.

ಆದರೆ ಈ ಸಂಕೇತಭಾಷೆಗೆ ಸ್ವಭಾವತಃ ಗಣನೆ ಮತ್ತು ತನ್ನ ಪಾಲಿನ ಸ್ಮೃತಿಕೋಶಗಳ ಹೊರತು ಬೇರೇನೂ ತಿಳಿಯದು. ಕಡತವನ್ನು ತೆರೆಯುವುದಾಗಲಿ, ಗಡಿಯಾರವನ್ನು ನೋಡುವುದಾಗಲಿ ಅದಕ್ಕೆ ಅಸಾಧ್ಯ. ಬ್ರೌಸರಿನೊಳಗೆ ಜಾವಾಸ್ಕ್ರಿಪ್ಟ್ ಈ ಸೇವೆಗಳನ್ನು ಒದಗಿಸುತ್ತಿತ್ತು. ಹೊರಗೆ ಬಂದಾಗ ಒದಗಿಸುವವರು ಯಾರು? 2019ರ ಮಾರ್ಚಿಯಲ್ಲಿ ಮೊಜಿಲ್ಲಾ ಸಂಸ್ಥೆಯು ಪ್ರಕಟಿಸಿದ 'ವಾಸಿ' ಎಂಬ ಒಡಂಬಡಿಕೆಯು ಇದಕ್ಕೆ ಉತ್ತರವಾಗಿ ಹುಟ್ಟಿತು. ಅದನ್ನು ಪಾಲಿಸುವ ವಾಸ್ಮ್‌ಟೈಮ್‌ನಂಥ ಸ್ವತಂತ್ರ ಚಾಲಕವು ಸಂಕೇತವನ್ನು ಆಯಾ ಯಂತ್ರದ ಭಾಷೆಗೆ ತಿರುಗಿಸಿ ನಡೆಸುತ್ತದೆ. ಯಜಮಾನನು ಒಂದು ಕಡತಕೋಶವನ್ನು ಒಪ್ಪಿಸಿಕೊಟ್ಟರೆ ಕ್ರಮವಿಧಿಗೆ ಅದಷ್ಟೇ ಗೋಚರ. ಮಿಕ್ಕುದೆಲ್ಲ ಅದರ ಪಾಲಿಗೆ ಇಲ್ಲದ್ದೇ ಸರಿ. ಅಪರಿಚಿತರ ಕ್ರಮವಿಧಿಯನ್ನು ನಿರ್ಭಯವಾಗಿ ನಡೆಸಲು ಇದರಿಂದ ಅನುಕೂಲವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಮೊಜಿಲ್ಲಾ, ಫಾಸ್ಟ್ಲಿ, ಇಂಟೆಲ್, ರೆಡ್ ಹ್ಯಾಟ್ ಸಂಸ್ಥೆಗಳು ಬೈಟ್‌ಕೋಡ್ ಅಲಯನ್ಸ್ ಎಂಬ ಕೂಟವನ್ನು ಕಟ್ಟಿದವು. 2022ರ ಸೆಪ್ಟೆಂಬರಿನಲ್ಲಿ ವಾಸ್ಮ್‌ಟೈಮಿನ 1.0 ಆವೃತ್ತಿ ಹೊರಬಂದಿತು.

ಹೀಗಿದ್ದರೂ ಗಡಿಗಳೆಲ್ಲ ಅಳಿದುವೆಂದು ಹೇಳಲಾಗದು. 2024ರ ಜನವರಿಯಲ್ಲಿ ಬಂದ ವಾಸಿ 0.2, ಮೊದಲಿನ ಒಡಂಬಡಿಕೆಗಿಂತ ಭಿನ್ನವಾದ ರಚನೆಯದು. ಹಳೆಯದನ್ನು ಮಾತ್ರ ಬಲ್ಲ ಚಾಲಕವು ಹೊಸದಕ್ಕೆಂದು ಸಿದ್ಧವಾದ ಕ್ರಮವಿಧಿಯನ್ನು ನಡೆಸಲಾರದು. ಸಂಕೇತಭಾಷೆಯೊಂದು ಸ್ಥಿರವಾದ ಮಾತ್ರಕ್ಕೆ ಸಾಲದು. ಅದು ಹೊರಲೋಕದೊಡನೆ ವ್ಯವಹರಿಸುವ ಕರಾರೂ ಸ್ಥಿರವಾಗಬೇಕು.

ಚರಿತ್ರೆಯ ಅಭ್ಯಾಸಿಗಳಾದ ನಮಗೆ ಈ ವಿಚಾರ ಹೊರಗಿನದಲ್ಲ. ಯೂನಿಕೋಡಿಗೆ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರವಿನ್ಯಾಸದಲ್ಲಿ ಸಿದ್ಧವಾದ ಕನ್ನಡ ಕಡತಗಳು ತಕ್ಕ ಅಕ್ಷರಶೈಲಿಯಿಲ್ಲದೆ ತೆರೆದಾಗ ಅರ್ಥಹೀನ ಚಿಹ್ನೆಗಳ ಸಾಲಾಗಿ ತೋರುತ್ತವೆ. ಅಕ್ಷರ ಉಳಿದರೂ ಓದುವ ಸಾಧನ ಅಳಿದರೆ ದಾಖಲೆ ಮೂಕವಾಗುತ್ತದೆ. ಇಂಥ ಕಡತಗಳನ್ನು ಪರಿವರ್ತಿಸುವ ಕ್ರಮವಿಧಿಗಳನ್ನು ಒಂದೇ ಯಂತ್ರಕ್ಕೆ ಕಟ್ಟಿಹಾಕದೆ ಸ್ವತಂತ್ರ ಚಾಲಕಕ್ಕೆ ಹೊಂದಿಸಿದರೆ ಅವುಗಳ ಆಯುಷ್ಯ ಹೆಚ್ಚಬಹುದು. ಆದರೆ ಅವುಗಳ ಮೂಲಪಾಠವನ್ನೂ, ಅವು ನಂಬಿದ ಒಡಂಬಡಿಕೆಯ ಆವೃತ್ತಿಯನ್ನೂ ಜೊತೆಗೇ ದಾಖಲಿಸಿಡುವುದು ಅವಶ್ಯ. ಹಾಲಿಸಿಕ್ಕಾ ಚಲಾವಣೆಯಿಂದ ಹೋದ ಮೇಲೂ ಹಳೆಯ ಲೆಕ್ಕಪತ್ರಗಳ ಮೊತ್ತ ನಮಗೆ ತಿಳಿಯುವುದು ವಿನಿಮಯದ ದರ ಬರೆದಿಟ್ಟಿರುವುದರಿಂದಲೇ.